ಇಲಿ ಕೇಕು ಕೊಳ್ಳುವ ಮುನ್ನ: ಬ್ರೊಮಾಡಿಯೋಲೋನ್ ಪಾಷಾಣದ ಗುಣ, ದೋಷ, ಇಡುವ ಕ್ರಮ

ಅಂಗಡಿಗೆ ಹೋಗಿ ಇಲಿ ಪಾಷಾಣ ಕೇಳಿದರೆ ಕೈಗೆ ಬರುವುದು ಮೂರರಲ್ಲಿ ಒಂದು: ನೀಲಿ, ಹಸಿರು ಅಥವಾ ಕೆಂಪು ಬಣ್ಣದ ಕೇಕು, ಟ್ಯೂಬಿನಲ್ಲಿ ಬರುವ ಪೇಸ್ಟು, ಇಲ್ಲವೇ ಬೂದುಗಪ್ಪು ಪುಡಿ. ಪುಡಿ ಹೆಚ್ಚಾಗಿ ಸಿಗುವುದು ಗೊಬ್ಬರದ ಅಂಗಡಿಯಲ್ಲಿ. ಮಾರುವವನಿಗೆ ಮೂರೂ ಒಂದೇ, ಮನೆಗೆ ತರುವವರಿಗೆ ಹಾಗಲ್ಲ. ಈ ಮೂರರಲ್ಲಿ ಮನೆಯೊಳಗೆ ಇಡಲು ಯೋಗ್ಯವಾದದ್ದು ಬ್ರೊಮಾಡಿಯೋಲೋನ್ ಕೇಕು ಮಾತ್ರ. ಅದೂ ಇಡುವ ಕ್ರಮ ಗೊತ್ತಿದ್ದವರಿಗೇ ಕೆಲಸ ಮಾಡಿಕೊಡುವ ಸಾಮಾನು. ‘ದುಡ್ಡು ದಂಡ, ಇಲಿ ಮೂಸಿಯೂ ನೋಡಲಿಲ್ಲ’ ಎಂಬ ದೂರು ಬಂದಾಗ ವಿಚಾರಿಸಿ ನೋಡಿದರೆ, ತಪ್ಪು ಬಹುಪಾಲು ಇಟ್ಟ ಜಾಗದಲ್ಲೋ ಇಟ್ಟ ಅಳತೆಯಲ್ಲೋ ಇರುತ್ತದೆ.

ರೋಬಾನ್, ಮಾರ್ಟಿನ್ ರ‍್ಯಾಟ್ ಕಿಲ್ ಮುಂತಾದ ಹೆಸರುಗಳಲ್ಲಿ ಸಿಗುವ ಕೇಕುಗಳ ಹಿಂಬದಿ ಓದಿ ನೋಡಿ. ಬ್ರೊಮಾಡಿಯೋಲೋನ್ ಶೇ. 0.005 ಎಂದಿರುತ್ತದೆ. ಅಂದರೆ ಒಂದು ಗ್ರಾಂ ಕೇಕಿನಲ್ಲಿ ವಿಷ ಇರುವುದು 0.05 ಮಿಲಿಗ್ರಾಂ. ಉಳಿದದ್ದೆಲ್ಲ ಧಾನ್ಯದ ನುಚ್ಚು, ಹಿಟ್ಟು, ಬಣ್ಣ, ಕಟ್ಟಿ ಹಿಡಿಯಲು ಮೇಣ. ಹಾಗಾಗಿ ಬ್ರ್ಯಾಂಡ್ ಬದಲಾದರೆ ವಿಷದ ಬಲ ಬದಲಾಗುವುದಿಲ್ಲ. ಬದಲಾಗುವುದು ರುಚಿ, ಮೇಣದ ಪ್ರಮಾಣ, ತುಂಡಿನ ಗಾತ್ರ. ಮೇಣ ಹೆಚ್ಚಾದ ಗಟ್ಟಿ ಕೇಕು ಮಳೆಗಾಲಕ್ಕೆ ಬಾಳುತ್ತದೆ, ಆದರೆ ರುಚಿ ಕಡಿಮೆ. ಮುಟ್ಟಿದರೆ ಪುಡಿಯಾಗುವ ಕೇಕನ್ನು ಇಲಿ ಬೇಗ ತಿನ್ನುತ್ತದೆ, ಆದರೆ ಬಚ್ಚಲ ಬದಿಯಲ್ಲಿ ವಾರ ತಡೆಯದು. ಅಡುಗೆಮನೆಗೆ ಎರಡನೆಯದು, ಮೋರಿ ಪಕ್ಕಕ್ಕೆ ಮೊದಲನೆಯದು ವಾಸಿ.

ಎಷ್ಟು ತಿಂದರೆ ಸಾಯುತ್ತದೆ ಎಂಬ ಲೆಕ್ಕ ತಿಳಿದಿದ್ದರೆ ಎಷ್ಟು ಕೊಳ್ಳಬೇಕೆಂಬುದೂ ತಿಳಿಯುತ್ತದೆ. ಇನ್ನೂರು ಗ್ರಾಂ ತೂಗುವ ಮನೆ ಇಲಿಗೆ ಮಾರಕ ಪ್ರಮಾಣ ಸರಾಸರಿ 4–5 ಗ್ರಾಂ ಕೇಕು. ಇಪ್ಪತ್ತು ಗ್ರಾಮಿನ ಚಿಟ್ಟಿಲಿಗೆ ಒಂದು ಗ್ರಾಮಿಗೂ ಕಡಿಮೆ. ಇದು ಅರ್ಧಕ್ಕರ್ಧ ಇಲಿಗಳು ಸಾಯುವ ಮಟ್ಟದ ಲೆಕ್ಕವಾದ್ದರಿಂದ, ಎಲ್ಲವೂ ಸಾಯಬೇಕೆಂದರೆ ಎರಡು ಮೂರು ಪಟ್ಟು ಹೊಟ್ಟೆ ಸೇರಬೇಕು. ದೊಡ್ಡ ಇಲಿಯೊಂದು ದಿನಕ್ಕೆ ತಿನ್ನುವುದು 15ರಿಂದ 25 ಗ್ರಾಂ, ಚಿಟ್ಟಿಲಿ ತಿನ್ನುವುದು 3–4 ಗ್ರಾಂ. ಮನೆಯಲ್ಲಿ ನಾಲ್ಕೈದು ಇಲಿ ಇರುವಾಗ 25 ಗ್ರಾಮಿನ ಒಂದೇ ತುಂಡು ಇಟ್ಟರೆ ಏನಾಗುತ್ತದೆ? ಗುಂಪಿನ ದಾಂಡಿಗ ಒಂದೇ ರಾತ್ರಿಯಲ್ಲಿ ಅದನ್ನು ಮುಗಿಸುತ್ತದೆ. ಅದು ಸಾಯುತ್ತದೆ, ಉಳಿದವು ಹಾಗೇ ಇರುತ್ತವೆ. ಮರುದಿನ ಖಾಲಿ ಜಾಗ ನೋಡಿ ಮನೆಯವರು ‘ತಿಂತು, ಆಯ್ತು’ ಎಂದು ಸುಮ್ಮನಾಗುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಈ ಪಾಷಾಣ ನಿಧಾನ, ಮತ್ತು ನಿಧಾನವೇ ಇದರ ಶಕ್ತಿ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ತಯಾರಿಸುವಾಗ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರಬೇಕು. ಬ್ರೊಮಾಡಿಯೋಲೋನ್ ಆ ಮರುಬಳಕೆಯನ್ನು ತಡೆಯುತ್ತದೆ. ಮೈಯಲ್ಲಿ ಆಗಲೇ ಇರುವ ದಾಸ್ತಾನು ತೀರುವ ತನಕ ಇಲಿಗೆ ಏನೂ ಆಗುವುದಿಲ್ಲ, ಆಮೇಲೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ತಿಂದ ನಾಲ್ಕರಿಂದ ಏಳು ದಿನದಲ್ಲಿ ಸಾವು ಸಾಮಾನ್ಯ, ಕೆಲವು ಹತ್ತು ದಿನ ಎಳೆಯುತ್ತವೆ. ತಿಂದದ್ದಕ್ಕೂ ಸಂಕಟಕ್ಕೂ ನಡುವೆ ಇಷ್ಟು ಅಂತರ ಇರುವುದರಿಂದ ಉಳಿದ ಇಲಿಗಳಿಗೆ ಕೇಕಿನ ಮೇಲೆ ಅನುಮಾನ ಹುಟ್ಟುವುದಿಲ್ಲ. ಎರಡನೇ ದಿನಕ್ಕೇ ‘ಒಂದೂ ಸತ್ತಿಲ್ಲ’ ಎಂದು ಕೇಕು ಎತ್ತಿ ಬಿಸಾಡುವವರು ಔಷಧಿ ಕೆಲಸ ಶುರುಮಾಡುವ ಮುಂಚೆಯೇ ಅದನ್ನು ನಿಲ್ಲಿಸಿರುತ್ತಾರೆ.

ಪುಡಿಯ ಕಥೆ ಇದಕ್ಕೆ ತಿರುಗುಮುರುಗು. ಅದು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲ ಹೊರಡುತ್ತದೆ, ಕೆಲವೇ ತಾಸುಗಳಲ್ಲಿ ಸಾವು. ಆದರೆ ಅರೆಹೊಟ್ಟೆ ತಿಂದು ಬದುಕಿ ಉಳಿದ ಇಲಿ ಆ ರುಚಿಯನ್ನು ವಾರಗಟ್ಟಲೆ ಮುಟ್ಟುವುದಿಲ್ಲ. ಗದ್ದೆಯಲ್ಲಿ ಎರಡು ಮೂರು ದಿನ ವಿಷವಿಲ್ಲದ ತಿಂಡಿ ಹಾಕಿ ಅಭ್ಯಾಸ ಮಾಡಿಸಿ, ಆಮೇಲೆ ವಿಷ ಬೆರೆಸುವುದು ಇದೇ ಕಾರಣಕ್ಕೆ. ಇದಕ್ಕೆ ಪ್ರತಿವಿಷ ಇಲ್ಲ. ಹೊಲಗದ್ದೆಗೆ ಇರಲಿ, ಮನೆಗೆ ಬೇಡ.

ಪೇಸ್ಟಿನ ಬಗ್ಗೆ ಇನ್ನೂ ಖಡಾಖಂಡಿತವಾಗಿ ಹೇಳಬೇಕು. ರಾಟಾಲ್ ಎಂಬ ಹೆಸರಲ್ಲಿ ಪ್ರಸಿದ್ಧವಾದ ಈ ಬಗೆಯ ಪೇಸ್ಟಿನಲ್ಲಿ ಇರುವುದು ಶೇ. 3ರ ಹಳದಿ ರಂಜಕ. ಟೊಮೆಟೊಗೋ ಬೋಂಡಕ್ಕೋ ಸವರಿ ಇಡುವ ರೂಢಿ ನಮ್ಮಲ್ಲಿ ಹಳೆಯದು. ಇಲಿ ಸಾಯುತ್ತದೆ, ಸುಳ್ಳಲ್ಲ. ಆದರೆ ಮನುಷ್ಯರ ಹೊಟ್ಟೆ ಸೇರಿದರೆ ಮೊದಲ ದಿನ ಸ್ವಲ್ಪ ವಾಂತಿಯಾಗಿ ಎಲ್ಲ ಸರಿಹೋದಂತೆ ಕಾಣುತ್ತದೆ, ಎರಡು ಮೂರು ದಿನ ಕಳೆದ ಮೇಲೆ ಯಕೃತ್ತು ಕೈಕೊಡುತ್ತದೆ. ಇದಕ್ಕೂ ಪ್ರತಿವಿಷ ಇಲ್ಲ. ಪಕ್ಕದ ತಮಿಳುನಾಡು ಇದರ ಮಾರಾಟಕ್ಕೆ ತಡೆ ಹಾಕಿತು. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಮನೆಯಲ್ಲಿ ಹಳೆಯ ಟ್ಯೂಬು ಬಿದ್ದಿದ್ದರೆ ಮಕ್ಕಳಾಗಲಿ, ಮನಸ್ಸು ಕೆಟ್ಟ ಹೊತ್ತಿನಲ್ಲಿ ದೊಡ್ಡವರಾಗಲಿ ಕೈಹಾಕುವಂಥ ಜಾಗದಲ್ಲಿ ಅದು ಇರಬಾರದು.

ಅಂಗಡಿಯಲ್ಲಿ ನಿಂತಾಗ ಪೊಟ್ಟಣದ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕ ಹುಡುಕಿ. ಕೀಟನಾಶಕ ನಿಯಮಗಳ ಪ್ರಕಾರ ಅದರ ಕೆಳ ಅರ್ಧದ ಬಣ್ಣ ವಿಷದ ತೀವ್ರತೆ ಹೇಳುತ್ತದೆ: ಕೆಂಪು ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಹಸಿರು. ನೋಂದಣಿ ಸಂಖ್ಯೆ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಪ್ರತಿವಿಷ ಯಾವುದೆಂಬ ಸಾಲು ಇರಲೇಬೇಕು. ಸಂತೆಯಲ್ಲಿ ಬರಿಯ ಪ್ಲಾಸ್ಟಿಕ್ ಚೀಟಿಯಲ್ಲಿ ಕಟ್ಟಿ ಮಾರುವ ಹೆಸರಿಲ್ಲದ ಗುಳಿಗೆ, ಪುಡಿಗಳನ್ನು ಯಾವ ಕಾರಣಕ್ಕೂ ತರಬೇಡಿ. ಅಕಸ್ಮಾತ್ ಯಾರಾದರೂ ತಿಂದರೆ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದೇ ಅದರ ಹೆಸರು.

ಬರುತ್ತಿರುವುದು ಯಾರು?

ಕೇಕು ಇಡುವ ಮೊದಲು ಹಿಕ್ಕೆ ನೋಡಬೇಕು. ಜೀರಿಗೆಗಿಂತ ಚಿಕ್ಕದಾಗಿ, ತುದಿ ಚೂಪಾಗಿ, 3ರಿಂದ 6 ಮಿಲಿಮೀಟರ್ ಇದ್ದರೆ ಚಿಟ್ಟಿಲಿ. ಒಂದೂವರೆ ಸೆಂಟಿಮೀಟರ್ ಆಸುಪಾಸು ಇದ್ದರೆ ಅಟ್ಟ, ಹಂಚು, ತೊಲೆಗಳ ಮೇಲೆ ಓಡಾಡುವ ಮನೆ ಇಲಿ. ಹಿತ್ತಲಲ್ಲಿ, ಕಾಂಪೌಂಡಿನ ಬುಡದಲ್ಲಿ ಬಿಲ, ಅದರ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ ಇದ್ದರೆ ಹೆಗ್ಗಣ.

ನಾಲ್ಕನೆಯವನೂ ಒಬ್ಬನಿದ್ದಾನೆ, ಮತ್ತು ಅವನಿಂದಲೇ ಕೇಕಿಗೆ ಕೆಟ್ಟ ಹೆಸರು. ಗೋಡೆ ಬದಿಗೇ ಚಿಕ್ ಚಿಕ್ ಎನ್ನುತ್ತ ಓಡುವ, ಮೂತಿ ಉದ್ದವಿರುವ, ಕೆಟ್ಟ ವಾಸನೆಯ ಸೊಂಡಿಲಿ. ಹೆಸರಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳ ತಿಂದು ಬದುಕುವ ಪ್ರಾಣಿ. ಧಾನ್ಯದ ಕೇಕು ಅದಕ್ಕೆ ಬೇಕಿಲ್ಲ. ರಾತ್ರಿ ಕಾಣುವುದು ಇದೇ ಆದರೆ ಪಾಷಾಣಕ್ಕೆ ದುಡ್ಡು ಸುರಿಯಬೇಡಿ. ಬಾಗಿಲ ಸಂದು ಮುಚ್ಚಿ, ಜಿರಳೆ ಕಡಿಮೆ ಮಾಡಿ, ಅದೇ ಹೊರಟುಹೋಗುತ್ತದೆ.

ಹಾಗೆಯೇ ಅಡುಗೆಮನೆಯಲ್ಲಿ ಇರುವುದು ಒಂದೋ ಎರಡೋ ಚಿಟ್ಟಿಲಿ ಎಂದು ಖಾತ್ರಿಯಿದ್ದರೆ ಸ್ಪ್ರಿಂಗ್ ಬೋನೇ ಮೇಲು. ಗೋಡೆಗೆ ಅಡ್ಡವಾಗಿ, ತಿಂಡಿಯ ತುದಿ ಗೋಡೆಗೆ ತಾಗುವಂತೆ ಇಟ್ಟರೆ ಬೆಳಗ್ಗೆ ಲೆಕ್ಕ ಕೈಯಲ್ಲಿರುತ್ತದೆ, ಸತ್ತದ್ದನ್ನು ಹುಡುಕುವ ಫಜೀತಿ ಇರುವುದಿಲ್ಲ. ಅಂಟಿನ ಹಲಗೆಯ ಬಗ್ಗೆ ಇಷ್ಟೇ: ಇಲಿ ಅದರ ಮೇಲೆ ದಿನಗಟ್ಟಲೆ ಜೀವಂತ ಒದ್ದಾಡುತ್ತದೆ, ಹಲ್ಲಿಯೂ ಗುಬ್ಬಿಯೂ ಸಿಕ್ಕಿಕೊಳ್ಳುತ್ತವೆ.

ಇಡುವ ಕ್ರಮ

ಇಲಿ ಬಯಲಲ್ಲಿ ಓಡುವುದಿಲ್ಲ, ಮೈ ಗೋಡೆಗೆ ತಾಗುತ್ತಿರಬೇಕು. ದಿನವೂ ಹೋಗುವ ದಾರಿಯಲ್ಲಿ ಗೋಡೆಯ ಬುಡಕ್ಕೆ, ತೊಲೆಯ ಅಂಚಿಗೆ ಎಣ್ಣೆ ಜಿಡ್ಡಿನ ಕಪ್ಪು ಗೆರೆ ಬಿದ್ದಿರುತ್ತದೆ. ಅದು ಕಾಣದಿದ್ದರೆ ಸಂಜೆ ಅನುಮಾನದ ಜಾಗದಲ್ಲಿ ಮುಖದ ಪೌಡರನ್ನು ತೆಳ್ಳಗೆ ಉದುರಿಸಿ, ಬೆಳಗ್ಗೆ ಟಾರ್ಚನ್ನು ನೆಲಮಟ್ಟದಲ್ಲಿ ಓರೆಯಾಗಿ ಹಿಡಿದು ನೋಡಿ. ಹೆಜ್ಜೆ, ಬಾಲ ಎಳೆದ ಗೀಟು ಎರಡೂ ಕಾಣುತ್ತವೆ. ಕೇಕು ಇಡಬೇಕಾದ್ದು ಅಲ್ಲೇ.

ಚಿಟ್ಟಿಲಿಯ ಓಡಾಟ ಗೂಡಿನಿಂದ ಕೆಲವು ಮೀಟರ್ ಅಷ್ಟೇ, ಜೊತೆಗೆ ಅದು ಒಂದೇ ಕಡೆ ಕೂತು ಉಣ್ಣದೆ ಅಲ್ಲಿಷ್ಟು ಇಲ್ಲಿಷ್ಟು ಕಚ್ಚುತ್ತದೆ. ಆದ್ದರಿಂದ 2–3 ಮೀಟರಿಗೊಂದರಂತೆ ಐದಾರು ಜಾಗದಲ್ಲಿ ತಲಾ 10 ಗ್ರಾಂ ಸಾಕು: ಸಿಂಕಿನ ಕೆಳಗೆ, ಸಿಲಿಂಡರಿನ ಹಿಂದೆ, ಫ್ರಿಜ್ಜಿನ ಹಿಂಬದಿ, ಅಕ್ಕಿ ಡಬ್ಬದ ಮೂಲೆ. ಮನೆ ಇಲಿಗೆ ಇದು ತದ್ವಿರುದ್ಧ. 5ರಿಂದ 10 ಮೀಟರ್ ಅಂತರದಲ್ಲಿ ಮೂರು ನಾಲ್ಕು ಜಾಗ, ಪ್ರತಿ ಜಾಗದಲ್ಲಿ 50 ಗ್ರಾಮಿಗೆ ಕಡಿಮೆಯಿಲ್ಲದಷ್ಟು. ಅಟ್ಟದ ಮೇಲೆ ಓಡುವ ಇಲಿಗೆ ನೆಲದಲ್ಲಿ ಕೇಕು ಇಟ್ಟು ಕಾಯುವುದು ವ್ಯರ್ಥ, ಅಟ್ಟದಲ್ಲೇ ಇಡಬೇಕು. ತೆಂಗಿನ ತೋಟದವರು ಈ ಸೂತ್ರವನ್ನು ಬಲ್ಲರು. ಕಾಸರಗೋಡಿನ ತೋಟಗಾರಿಕೆ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಶಿಫಾರಸಿನಲ್ಲೂ 10 ಗ್ರಾಮಿನ ಬ್ರೊಮಾಡಿಯೋಲೋನ್ ಮೇಣದ ತುಂಡನ್ನು ಐದು ಮರಕ್ಕೊಂದರಂತೆ ತೆಂಗಿನ ಸುಳಿಯ ಬಳಿಯೇ, 12 ದಿನದ ಅಂತರದಲ್ಲಿ ಎರಡು ಸಲ ಇಡಲು ಹೇಳಿದೆ.

ಬರಿಯ ಕೇಕನ್ನು ನೆಲದ ಮೇಲೆ ಬಿಡಬೇಡಿ. ಇಲಿ ಅದನ್ನು ಕಚ್ಚಿಕೊಂಡು ಹೋಗಿ ಬೇಳೆ ಡಬ್ಬದ ಸಂದಿಯಲ್ಲೋ ಮಗುವಿನ ಆಟಿಕೆ ಬುಟ್ಟಿಯಲ್ಲೋ ಬಚ್ಚಿಡಬಹುದು. ಹೆಚ್ಚಿನ ಕಂಪನಿಗಳು ಪೊಟ್ಟಣದ ಜೊತೆ ಡಬ್ಬಿ ಕೊಡುವುದಿಲ್ಲ, ಇದು ದೊಡ್ಡ ಕೊರತೆ. ಬೀಗ ಹಾಕುವ ಇಲಿ ಪೆಟ್ಟಿಗೆ ಬೇರೆ ಸಿಗುತ್ತದೆ. ಅದು ಬೇಡವೆಂದರೆ ಪ್ಲಂಬಿಂಗ್ ಅಂಗಡಿಯ 3 ಇಂಚಿನ ಪಿವಿಸಿ ಪೈಪು ಒಂದೂವರೆ ಅಡಿ ಕತ್ತರಿಸಿ. ನಡುವೆ ಎದುರುಬದುರು ಎರಡು ತೂತು ಕೊರೆದು, ಕೇಕಿನೊಳಗೆ ಕಟ್ಟುವ ತಂತಿ ಪೋಣಿಸಿ ತೂತುಗಳಿಂದ ಹೊರಗೆಳೆದು ತಿರುಚಿಬಿಡಿ. ಚಿಟ್ಟಿಲಿಗಾದರೆ 2 ಇಂಚಿನ ಪೈಪು ಒಂದಡಿ ಸಾಕು. ಪೈಪನ್ನು ಗೋಡೆಗೆ ಒತ್ತಿ, ಉರುಳದಂತೆ ಇಟ್ಟಿಗೆ ಕೊಡಿ. ಮಗುವಿನ ಕೈಗೂ ನಾಯಿಯ ಮೂತಿಗೂ ಕೇಕು ಎಟುಕುತ್ತದೋ ನೋಡಿ, ಎಟುಕಿದರೆ ಪೈಪು ಇನ್ನೂ ಉದ್ದ ಬೇಕು. ಕೈಗವಸು ಹಾಕಿಯೇ ಮುಟ್ಟಿ. ಇಲಿ ಓಡಾಡಿದ ಜಾಗದಲ್ಲಿ ಅದರ ಉಚ್ಚೆಯಿಂದ ಇಲಿಜ್ವರ ತಗಲುವ ಅಪಾಯವಿದೆ, ಕೈಯಲ್ಲಿ ಗಾಯವಿದ್ದರಂತೂ ಎಚ್ಚರ ಇರಲೇಬೇಕು.

ಎರಡನೇ ದಿನದಿಂದ ದಿನ ಬಿಟ್ಟು ದಿನ ನೋಡಬೇಕು. ಪೂರ್ತಿ ಖಾಲಿಯಾಗಿದ್ದರೆ ಅಲ್ಲಿ ಎರಡು ಪಟ್ಟು ಇಡಿ, ಅರ್ಧ ಖಾಲಿಯಾಗಿದ್ದರೆ ತುಂಬಿ. ಕೇಕಿನ ಮೇಲಿನ ಗುರುತನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯ ಅಭ್ಯಾಸ. ಜೋಡಿ ಗೀಟುಗಳು ಒಂದೆರಡು ಮಿಲಿಮೀಟರ್ ಅಗಲವಿದ್ದರೆ ಚಿಟ್ಟಿಲಿ, ನಾಲ್ಕರ ಹತ್ತಿರ ಅಗಲವಾಗಿ ಆಳವಾಗಿ ಇದ್ದರೆ ದೊಡ್ಡ ಇಲಿ. ಗೀಟೇ ಇಲ್ಲದೆ ನುಣ್ಣಗೆ ತಗ್ಗು ಬಿದ್ದಿದ್ದರೆ ತಿಂದದ್ದು ಜಿರಳೆಯೋ ಬಸವನಹುಳುವೋ. ಅವುಗಳಿಗೆ ಈ ವಿಷ ಏನೂ ಮಾಡದು, ಕೇಕು ಮಾತ್ರ ಸವೆಯುತ್ತದೆ. ಹಿಕ್ಕೆಗೆ ಕೇಕಿನ ಬಣ್ಣವೇ ಬಂದಿದ್ದರೆ ಪಾಷಾಣ ಹೊಟ್ಟೆ ಸೇರಿದೆ ಎಂದರ್ಥ, ನಾಲ್ಕೈದು ದಿನ ಕಾಯಿರಿ. ಹತ್ತರಿಂದ ಹದಿನೈದು ದಿನದಲ್ಲಿ ತಿನ್ನುವುದು ಪೂರ್ತಿ ನಿಲ್ಲಬೇಕು.

ಮುಟ್ಟದಿದ್ದರೆ? ದೊಡ್ಡ ಇಲಿ ಹೊಸ ವಸ್ತು ಕಂಡರೆ ಅನುಮಾನಿಸುವ ಪ್ರಾಣಿ, ನಾಲ್ಕೈದು ದಿನ ಸುತ್ತು ಹಾಕಿಯೇ ಹೋಗುತ್ತದೆ. ಈ ಅವಧಿಯಲ್ಲಿ ದಿನಕ್ಕೊಂದು ಜಾಗಕ್ಕೆ ಪೈಪು ಎತ್ತಿಟ್ಟರೆ ಅದಕ್ಕೆ ಪ್ರತಿದಿನವೂ ಹೊಸತೇ. ಒಂದು ವಾರ ಅಲುಗಾಡಿಸಬೇಡಿ. ಚಿಟ್ಟಿಲಿಗೆ ಈ ಹೆದರಿಕೆ ಇಲ್ಲ, ಮೂರು ರಾತ್ರಿಯಲ್ಲಿ ಕಚ್ಚದಿದ್ದರೆ ಜಾಗ ತಪ್ಪಿದೆ. ಪಕ್ಕದಲ್ಲಿ ಇರುವೆಗೆ ಹಾಕುವ ಚಾಕ್‌ಪೀಸಿನ ಗೀಟು, ಜಿರಳೆ ಸ್ಪ್ರೇ, ಫಿನಾಯಿಲ್ ಇದ್ದರೂ ಇಲಿ ಹತ್ತಿರ ಬಾರದು. ಎಲ್ಲಕ್ಕಿಂತ ದೊಡ್ಡ ಕಾರಣ, ಕೇಕಿಗಿಂತ ರುಚಿಯಾದದ್ದು ಮನೆಯಲ್ಲೇ ಬಿದ್ದಿರುವುದು. ರಾತ್ರಿ ಸಿಂಕಿನಲ್ಲಿ ಅನ್ನದ ಪಾತ್ರೆ, ಮುಚ್ಚದ ಕಸದ ಬುಟ್ಟಿ, ಹೊರಗಿಟ್ಟ ನಾಯಿಯ ಊಟ, ಮೂಟೆಯಲ್ಲಿ ರಾಗಿ, ಅಟ್ಟದಲ್ಲಿ ಹರಡಿದ ಕೊಬ್ಬರಿ ಇವೆಲ್ಲ ಇರುವಾಗ ಮೇಣದ ಕೇಕನ್ನು ಯಾರು ತಿನ್ನುತ್ತಾರೆ? ಹದಿನೈದು ದಿನದ ಮಟ್ಟಿಗಾದರೂ ಇವನ್ನು ಬಂದ್ ಮಾಡಲೇಬೇಕು. ಕೊಬ್ಬರಿ ತೆಗೆಯಲಾಗದ ಅಟ್ಟದಲ್ಲಿ ಕೇಕಿನ ಮೇಲೆ ಒಂದು ಚಮಚ ಕೊಬ್ಬರಿ ತುರಿ ಉದುರಿಸಿದರೆ ಸ್ವಲ್ಪ ಉಪಯೋಗ ಆಗುತ್ತದೆ.

ಹೆಗ್ಗಣಕ್ಕೆ ಈ ಕೇಕು ದುಬಾರಿ ಬೀಳುತ್ತದೆ. ಮೈತೂಕ ಹೆಚ್ಚಿದಂತೆ ತಿನ್ನಬೇಕಾದ ಅಳತೆಯೂ ಏರುತ್ತದೆ, ದೊಡ್ಡ ಜಾತಿಯ ಹೆಗ್ಗಣ ಕಿಲೋ ಹತ್ತಿರ ತೂಗುವುದುಂಟು. ಮೊದಲು ಬಿಲದ ಬಾಯಿಗಳನ್ನೆಲ್ಲ ಮಣ್ಣಿಂದ ಮುಚ್ಚಿ, ಮರುದಿನ ಯಾವುದು ತೆರೆದಿದೆಯೋ ಅದರೊಳಗೆ ಮಾತ್ರ, ಕೈಗೆ ಎಟುಕದಷ್ಟು ಆಳಕ್ಕೆ ಕೇಕು ತಳ್ಳಿ. ಮುಂಗಾರು ಜೋರಾಗಿ ಬಿಲಕ್ಕೆ ನೀರು ನುಗ್ಗಿದ ಮೇಲೆ ಹೆಗ್ಗಣ ಮನೆ ಹೊಕ್ಕುತ್ತದೆ. ಆದ್ದರಿಂದ ಈ ಕೆಲಸಕ್ಕೆ ಮೇ ತಿಂಗಳೇ ಸರಿ.

ದೋಷಗಳು

‘ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ’ ಎನ್ನುವುದನ್ನು ನಂಬಬೇಡಿ. ಕೆಲವು ಹೊರಗೆ ಸಾಯುತ್ತವೆ, ಕೆಲವು ಫಾಲ್ಸ್ ಸೀಲಿಂಗಿನೊಳಗೆ, ಮಾಡ್ಯುಲರ್ ಕಿಚನ್ನಿನ ಕೆಳಪೆಟ್ಟಿಗೆಯ ಹಿಂದೆ ಸಾಯುತ್ತವೆ. ಚಿಟ್ಟಿಲಿಯಾದರೆ ವಾರದಲ್ಲಿ ವಾಸನೆ ಅಡಗುತ್ತದೆ, ದೊಡ್ಡದಾದರೆ ಎರಡು ಮೂರು ವಾರ ಸಹಿಸಬೇಕು. ಬಿಚ್ಚಲಾಗದ ಸೀಲಿಂಗ್ ಇರುವ ಮನೆಗೆ ನಮ್ಮ ಸಲಹೆ ಬೋನು, ಕೇಕಲ್ಲ.

ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಮೇಣ ಮೆತ್ತಗಾಗಿ ಕೇಕು ಕುಸಿಯುತ್ತದೆ. ಕಾರಿನ ಬಾನೆಟ್ಟಿನೊಳಗೆ ಇಡುವವರೂ ಇದ್ದಾರೆ, ಇಂಜಿನ್ ಬಿಸಿಗೆ ಅದೂ ಹಾಗೇ. ಮಲೆನಾಡು, ಕರಾವಳಿಯ ಜೂನ್–ಜುಲೈಯಲ್ಲಿ ಮೇಣ ಕಡಿಮೆ ಇರುವ ಕೇಕಿಗೆ ವಾರದೊಳಗೆ ಬೂಷ್ಟು ಬರುತ್ತದೆ, ಬೂಷ್ಟು ಹಿಡಿದದ್ದನ್ನು ಇಲಿ ಮುಟ್ಟುವುದಿಲ್ಲ. ಇನ್ನು ಬಣ್ಣ ಮತ್ತು ಆಕಾರ: ನೋಡಲು ಬರ್ಫಿಯಂತಿರುವ ವಸ್ತುವನ್ನು ಮಕ್ಕಳಿರುವ ಮನೆಗೆ ಮಾರುವಾಗ ಕಹಿ ಪದಾರ್ಥ ಬೆರೆಸುವುದು ಕಡ್ಡಾಯವಾಗಬೇಕಿತ್ತು. ಕೆಲವು ತಯಾರಕರು ಬೆರೆಸುತ್ತಾರೆ, ಎಲ್ಲರೂ ಅಲ್ಲ. ಲೇಬಲ್ಲಿನಲ್ಲಿ ಇದೆಯೇ ನೋಡಿ ಕೊಳ್ಳಿ.

ಮಗುವೋ ನಾಯಿಯೋ ಕೇಕು ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪೊಟ್ಟಣ ಹಿಡಿದು ನೇರ ಆಸ್ಪತ್ರೆಗೆ, ನಾಯಿಯಾದರೆ ಪಶುವೈದ್ಯರ ಬಳಿಗೆ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಈ ಪಾಷಾಣಕ್ಕೆ ಪ್ರತಿವಿಷ ಇದೆ, ವಿಟಮಿನ್ ಕೆ1. ಉಳಿದೆರಡರ ಮುಂದೆ ಕೇಕಿನ ಬಹುದೊಡ್ಡ ಅನುಕೂಲ ಇದೇ. ಆದರೆ ಲಕ್ಷಣ ಮೂರು ನಾಲ್ಕು ದಿನ ತಡವಾಗಿ ಬರುವುದರಿಂದ, ‘ಚೆನ್ನಾಗಿಯೇ ಆಡುತ್ತಿದೆ’ ಎಂದು ಮನೆಯಲ್ಲಿ ಕೂರುವಂತಿಲ್ಲ. ನಾಯಿಗೆ ಕೆ1 ಮಾತ್ರೆ ಮೂರು ನಾಲ್ಕು ವಾರ ಮುಂದುವರಿಸಬೇಕಾಗುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ಒಳರಕ್ತಸ್ರಾವ ಮತ್ತೆ ಶುರು. ವಸಡು ಬಿಳಿಚಿಕೊಳ್ಳುವುದು, ಮೂಗಲ್ಲಿ ರಕ್ತ, ಸುಸ್ತು ಕಂಡರೆ ಗಂಟೆಯೂ ತಡ ಮಾಡಬಾರದು.

ಸತ್ತ ಇಲಿಯಲ್ಲೂ ವಿಷ ಉಳಿದಿರುತ್ತದೆ. ಬೀದಿ ಬದಿಗೆ ಎಸೆದರೆ ಬೆಕ್ಕು, ಕಾಗೆ, ಗೂಬೆ ತಿನ್ನುತ್ತವೆ. ಇಲಿ ಹಿಡಿಯುವುದರಲ್ಲಿ ಗೂಬೆಗಿಂತ ದೊಡ್ಡ ನಂಟ ನಮಗಿಲ್ಲ. ಕೈಗವಸು ಹಾಕಿ, ಬಾಲ ಹಿಡಿದೆತ್ತಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಸಕ್ಕೆ ಕೊಡಿ, ಹಿತ್ತಲಿದ್ದರೆ ಚೀಲವಿಲ್ಲದೆ ಎರಡಡಿ ಆಳದಲ್ಲಿ ಹೂಳಿ. ಹಿಕ್ಕೆಯನ್ನು ಒಣಗಿದ್ದಾಗ ಪೊರಕೆಯಿಂದ ಗುಡಿಸಬಾರದು, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ.

ತಿನ್ನುವುದು ನಿಂತ ಮೇಲೆ ಉಳಿದ ಕೇಕುಗಳನ್ನೆಲ್ಲ ಎಣಿಸಿ ವಾಪಸ್ ತೆಗೆಯಬೇಕು, ವರ್ಷವಿಡೀ ಮೂಲೆಯಲ್ಲಿ ಬಿಡಬಾರದು. ಆಮೇಲೆ ಸಂದು ಮುಚ್ಚುವ ಕೆಲಸ. ಆರು ಮಿಲಿಮೀಟರ್ ಸಂದಿಯಲ್ಲಿ ಚಿಟ್ಟಿಲಿ ನುಸುಳುತ್ತದೆ, ಹೆಬ್ಬೆರಳು ತೂರುವ ತೂತಿನಲ್ಲಿ ಮರಿ ಇಲಿ. ಪೈಪು ಗೋಡೆ ಹೊಕ್ಕುವಲ್ಲಿ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟು ಮೆತ್ತಿ, ಬಚ್ಚಲ ಕಂಡಿಗೆ ಸ್ಟೀಲ್ ಜಾಲರಿ ಹಾಕಿ. ಬರಿಯ ಎಂ-ಸೀಲ್, ಥರ್ಮಾಕೋಲ್, ಬಟ್ಟೆ ತುರುಕಿದರೆ ಒಂದೆರಡು ರಾತ್ರಿಯ ಕೆಲಸ ಅದಕ್ಕೆ. ಮಿಕ್ಕ ಹೊಸ ಕೇಕುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮೂಲ ಪೊಟ್ಟಣದ ಲೇಬಲ್ ಜೊತೆಗೇ ಬೀಗದ ಕಪಾಟಿನಲ್ಲಿಡಿ. ಅದೇ ಕಪಾಟಿನಲ್ಲಿ ಊದಿನಕಡ್ಡಿ, ನುಸಿಗುಳಿಗೆ, ಸೀಮೆಎಣ್ಣೆ ಇರಬಾರದು. ಮೇಣ ವಾಸನೆ ಹೀರುತ್ತದೆ, ಅಂಥ ಕೇಕನ್ನು ಮುಂದಿನ ಸಲ ಯಾವ ಇಲಿಯೂ ಕಚ್ಚದು.